ಹಿಡಿಯ ದಿಕ್ಕು

ಮಾವ ಅಂಗಿಯ ಗುಂಡಿ ಹಾಕಿಕೊಳ್ಳದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಅವನು ಕಾಫಿಯ ಲೋಟ ಕೆಳಗಿಟ್ಟು ಎದ್ದ. ಮಾವನ ಎಡಗೈಯ ಬೆರಳುಗಳಿಗೆ ಇನ್ನೂ ಪಟ್ಟಿ ಸುತ್ತಿತ್ತು. ಅವರ ಮಗಳು, ಅವನ ಹೆಂಡತಿ, ಅಲ್ಲೇ ಒಲೆಯ ಮುಂದಿದ್ದಳು, ಅವಳನ್ನೇ ಕೇಳಬಹುದಿತ್ತು. ಆದರೆ ಪೆಟ್ಟಾದ ದಿನದಿಂದ ಇಂಥ ಕೆಲಸಕ್ಕೆಲ್ಲ ಅವರು ಹುಡುಕಿಕೊಂಡು ಬರುತ್ತಿದ್ದುದು ಅಳಿಯನನ್ನು. “ಹಾಕ್ಕೊಡಪ್ಪ,” ಎಂದು ಗಲ್ಲ ಮೇಲೆತ್ತಿ ನಿಂತರು. ಅವರ ಕೊರಳಿನ ಸಡಿಲ ಚರ್ಮ, ಕ್ಷೌರದಲ್ಲಿ ತಪ್ಪಿಹೋದ ನಾಲ್ಕಾರು ಬಿಳಿ ಕೂದಲು, ಸೋಪಿನ ವಾಸನೆ, ಎಲ್ಲ ಇಷ್ಟು ಹತ್ತಿರದಿಂದ ನೋಡಬೇಕಾಗಿ ಬಂದದ್ದೇ ಒಂದು ಶಿಕ್ಷೆ ಅನ್ನಿಸಿ ಅವನು ಕಣ್ಣನ್ನು ಗುಂಡಿಗಳ ಮೇಲಷ್ಟೇ ಇಟ್ಟುಕೊಂಡ. “ಮೇಲಿನದು ಅದರ ಕಾಜಕ್ಕೇ ಬಿತ್ತಾ ನೋಡು. ಈಚೆಗೆ ನಂದು ಯಾವುದೂ ಸರಿಯಿಲ್ಲ,” ಎಂದರು ಮಾವ. ನಗುತ್ತಲೇ ಅಂದರು. ಅವನಿಗೂ ನಗಬೇಕಾಯಿತು. ಒಲೆಯ ಕಡೆಯಿಂದ ನಗು ಬರಲಿಲ್ಲ. ಹಿತ್ತಲ ಬಾಗಿಲು ದಾಟಿದ ಮಾವ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಬಚ್ಚಲ ನಲ್ಲಿ ನಿಲ್ಲಿಸಿದ್ದೇನೆಯೇ ಎಂದು ನೋಡಿದರು. ನಿಲ್ಲಿಸಿದ್ದರು. ಆದರೂ ಇನ್ನೊಮ್ಮೆ ತಿರುಗಿಸಿ ಬಿಗಿ ಮಾಡಿದರು. ಹೋಗುವಾಗ ಯಾರನ್ನೂ ನೋಡದೆ, “ಇವತ್ತು ಮಿಷನ್ ಹತ್ರ ನಿಂತು ನೋಡ್ತೀನಿ. ಆದರೆ ಆಯ್ತು, ಇಲ್ಲದಿದ್ರೆ ಅಲ್ಲಿಗೆ ಮುಗೀತು,” ಎಂದರು.

ಆದೀತು, ಆಗೇ ಆಗುತ್ತದೆ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ನಿನ್ನೆಯೇ ಅದಕ್ಕೆ ಬೇಕಾದುದನ್ನು ಮಾಡಿಟ್ಟಿದ್ದ. ಮನೆಯ ಹಿಂದಿನ ಗೇಟು ತೆಗೆದರೆ ಸೌದೆ ಡಿಪೋ. ಒಂದು ಕಡೆ ಗೋಡೆಯೆತ್ತರಕ್ಕೆ ಪೇರಿಸಿದ ದಿಮ್ಮಿಗಳು, ಇನ್ನೊಂದು ಕಡೆ ಸೀಳಿ ಒಣಗಲು ಬಿಟ್ಟ ಸೌದೆ, ನಡುವೆ ತಗಡಿನ ಚಪ್ಪರದ ಕೆಳಗೆ ಸೌದೆ ಸೀಳುವ ಮಿಷನ್. ಈಗ ಅದನ್ನು ನೋಡಿದವರು ಹಳೆಯದೆಂದು ಹೇಳುವಂತಿರಲಿಲ್ಲ. ಕಬ್ಬಿಣದ ತೊಲೆಯೊಂದೇ ಹಳೆಯದು. ಕೆಮ್ಮುತ್ತ ಕೆಮ್ಮುತ್ತ ಶುರುವಾಗುತ್ತಿದ್ದ ಪುಟ್ಟ ಎಂಜಿನ್ ಕಳಚಿ ಅದರ ಜಾಗದಲ್ಲಿ ಅವನು ದುಪ್ಪಟ್ಟು ಬಲದ್ದನ್ನು ಕೂರಿಸಿದ್ದ. ಪಂಪು ಹೊಸದು, ಬೆಣೆಗೆ ಮರ ತಾಗುವ ತನಕ ಸರಸರ ಓಡಿಸಿ, ತಾಗಿದ ಮೇಲೆ ನಿಧಾನಿಸಿ ಪೂರಾ ಬಲ ಹಾಕುವಂಥದ್ದು. ಅಷ್ಟು ಎಣ್ಣೆ ಹಾಯಲು ಹಳೆಯ ವಾಲ್ವಿನ ಬಾಯಿ ಸಾಲದೆಂದು ಅದನ್ನೂ ಬದಲಾಯಿಸಿದ. ಹೋಸ್ ಪೈಪುಗಳು ಹೊಸವು, ಎಣ್ಣೆಯ ಟ್ಯಾಂಕು ದೊಡ್ಡದು. ಒಂದೊಂದು ನಟ್ಟನ್ನೂ ಅವನೇ ಬಿಗಿ ಮಾಡಿದ್ದ. ಬುಲ್ಡೋಜರುಗಳ ರಿಪೇರಿ ಅಂಗಡಿಯಲ್ಲಿ ಕಲಿತ ಕೈ ಅದು. ಅಂಗಡಿ ಮುಚ್ಚಿದ ಮೇಲೆ ಹೆಂಡತಿಯ ತವರಿಗೆ ಬಂದು ಡಿಪೋದಲ್ಲಿ ದಿಮ್ಮಿ ಉರುಳಿಸುತ್ತ ಅದಕ್ಕೆ ತುಕ್ಕು ಹಿಡಿಯುತ್ತಿದೆ ಎಂದು ಅವನು ಕೊರಗಿದ್ದುಂಟು. ಮಿಷನ್ನಿಗೆ ಕೈ ಹಾಕಿದ ವಾರದಲ್ಲಿ ಅವನು ಸಿಳ್ಳೆ ಹೊಡೆಯುತ್ತಿದ್ದುದನ್ನು ಹೆಂಡತಿ ಗಮನಿಸಿ, “ಏನ್ರೀ, ಮದುವೆಯಲ್ಲೂ ಇಷ್ಟು ಖುಷಿ ಇರಲಿಲ್ವಲ್ಲ,” ಅಂದಿದ್ದಳು.

ಹಳೆಯದು ಮಾವ ತಮ್ಮ ಪ್ರಾಯದಲ್ಲಿ ಅಲ್ಲಿ ಇಲ್ಲಿ ಸಿಕ್ಕ ಸಾಮಾನು ಕೂಡಿಸಿ ತಾವೇ ಕಟ್ಟಿದ್ದು. ದಿಮ್ಮಿಯನ್ನು ತೊಲೆಯ ಮೇಲೆ ಮಲಗಿಸಿ, ಆ ತುದಿಯ ದಪ್ಪ ತಟ್ಟೆಗೆ ಆನಿಸಿ, ವಾಲ್ವಿನ ಹಿಡಿಯನ್ನು ಆಡಿಸಿದರೆ ಈ ತುದಿಯಿಂದ ಬೆಣೆ ಹೊರಟು ಬಂದು ಸೀಳುತ್ತಿತ್ತು. ಎಷ್ಟು ನಿಧಾನವೆಂದರೆ, ಬೇಕರಿಗೆ ಸೌದೆ ಒಯ್ಯುವ ಲಾರಿಯವನು ಕಾದು ಕಾದು, “ಯಜಮಾನರೇ, ಇದು ಸೌದೆ ಸೀಳ್ತಾ ಇದೆಯೋ, ಸೌದೇನ ಮಾತಾಡಿಸಿ ಒಪ್ಪಿಸ್ತಾ ಇದೆಯೋ?” ಎಂದು ಕೇಳುತ್ತಿದ್ದ. ಮಾವನಿಗೆ ಅದು ಹೊಗಳಿಕೆಯ ಹಾಗೆಯೇ ಕೇಳಿಸುತ್ತಿತ್ತು. ಅವನು ಈ ಮನೆಗೆ ಬಂದ ಹೊಸತರಲ್ಲಿ ಒಂದು ದಿನ, ಇದೇ ಲಾರಿಯವನ ಎದುರಿಗೆ, ಲೋಡು ಹೊರುವವರೆಲ್ಲ ಸುತ್ತ ನಿಂತಿದ್ದಾಗ, “ನೀನೊಂದು ಸೀಳಪ್ಪ,” ಎಂದು ಮಾವ ಅವನನ್ನು ಮಿಷನ್ನಿನ ಮುಂದೆ ನಿಲ್ಲಿಸಿದ್ದರು. ಇಂಥ ಎಷ್ಟು ಯಂತ್ರಗಳನ್ನು ಬಿಚ್ಚಿ ಕಟ್ಟಿಲ್ಲ ಎಂಬ ಗತ್ತಿನಲ್ಲಿ ಅವನು ಹಿಡಿಯನ್ನು ಆಚೆಗೆ ತಳ್ಳಿದ. ಬೆಣೆ ಮುಂದೆ ಹೋಗುವ ಬದಲು ಹಿಂದಕ್ಕೆ ಸರಿದು ಕೊನೆ ಮುಟ್ಟಿತು, ಪಂಪು ಗೊರಗೊರ ಅಂತು. ಪೈಪು ಜೋಡಿಸುವಾಗ ಮಾವ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕಿಬಿಟ್ಟಿದ್ದರು. ಎಲ್ಲ ಕಡೆಯೂ ಆಚೆ ತಳ್ಳಿದರೆ ಹೋಗುವ ಬೆಣೆ ಇಲ್ಲಿ ಈಚೆ ಎಳೆದರೆ ಹೋಗುತ್ತಿತ್ತು. “ನಮ್ಮ ಮಿಷನ್‌ಗೆ ನಮ್ಮನೆ ಭಾಷೆ ಮಾತ್ರ ಬರೋದು, ಅಳಿಯಂದಿರೇ,” ಎಂದು ಮಾವ ಅಂದದ್ದೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾವ ಆ ಗಳಿಗೆಯಲ್ಲೇ ಅದನ್ನು ಮರೆತರು. ಅವನು ಮರೆಯಲಿಲ್ಲ. ಒಬ್ಬ ದೊಡ್ಡ ಗಂಡಸು ಇಷ್ಟು ಸಣ್ಣ ನಗುವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದು ಹೇಗೆ ಎಂದು ಈಗ ಯೋಚಿಸಿದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಹೊಸ ವಾಲ್ವನ್ನು ಕೂರಿಸಿ ಪೈಪುಗಳನ್ನು ಕೈಯಲ್ಲಿ ಹಿಡಿದುಕೊಂಡಾಗ ಅವನು ಒಂದು ಕ್ಷಣ ನಿಂತಿದ್ದ. ಅರಿಯದೆ ಆದ ತಪ್ಪಲ್ಲ ಅದು, ಆ ನಿಂತದ್ದು ಅವನಿಗೆ ಚೆನ್ನಾಗಿ ನೆನಪಿದೆ. ಹೊಸದರಲ್ಲಿ ಹಳೆಯ ತಪ್ಪು ಯಾಕೆ ಎಂದುಕೊಂಡು ಸರಿಯಾದ ರೀತಿಯಲ್ಲಿ ಜೋಡಿಸಿದ. ಬೆಳಿಗ್ಗೆ ಹೇಳಿದರಾಯಿತು. ಬೆಳಿಗ್ಗೆ ಲಾರಿ ಬಂದಿತ್ತು. ಲೋಡು ಹೊರುವವರು ಹೊಸ ಎಂಜಿನ್ನಿನ ಸುತ್ತ ನೆರೆದಿದ್ದರು. ಮಾವ ಒಗೆದ ಅಂಗಿ ಹಾಕಿಕೊಂಡು, ಅಳಿಯನ ಹೆಗಲ ಮೇಲೆ ಕೈಯಿಟ್ಟು, “ಇದೆಲ್ಲ ಇವನದೇ ಕೈ,” ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಮಾವ ಒಮ್ಮೆ ತಪ್ಪಲಿ ಅನ್ನಿಸಿತು. ಎಲ್ಲರ ಎದುರಿಗೆ ಒಂದೇ ಒಂದು ಸಲ ಹಿಡಿ ಎಳೆಯಲಿ, ಬೆಣೆ ಹಿಂದಕ್ಕೆ ಹೋಗಲಿ, ಆಗ ತಾನು ಮೆಲ್ಲಗೆ, ಮರ್ಯಾದೆಯಿಂದಲೇ, “ಅದು ಮೊದಲಿನಿಂದ ಉಲ್ಟಾ ಇತ್ತು ಮಾವ, ಸರಿ ಮಾಡಿದೀನಿ,” ಅನ್ನಬೇಕು. ಆ ವಾಕ್ಯವನ್ನು ಅವನು ಬಾಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದ. ಆದರೆ ಮೊದಲ ದಿಮ್ಮಿಗೆ ಹಿಡಿ ಮುಟ್ಟಿದವನು ಲಾರಿಯವನು. ನಾನೊಂದು ನೋಡ್ತೀನಿ ಎಂದು ಮುಂದೆ ಬಂದು ಆಚೆ ತಳ್ಳಿದ, ಸೌದೆ ಚಟೀರನೆ ಎರಡಾಯಿತು, ಎಲ್ಲರೂ ಸೈ ಅಂದರು. ಮಾವ ಬೆಣೆಯನ್ನು ನೋಡುತ್ತಿದ್ದರೇ ಹೊರತು ಲಾರಿಯವನ ಕೈಯನ್ನು ನೋಡುತ್ತಿರಲಿಲ್ಲ. ಅಳಿಯ ಅದನ್ನೂ ಗಮನಿಸಿದ್ದ. ಮುಂದಿನ ದಿಮ್ಮಿ ಗಂಟು ಗಂಟಾದದ್ದು. ಲಾರಿಯವನು ಬೆಣೆಯನ್ನು ಅದಕ್ಕೆ ಅರ್ಧ ನಾಟಿಸಿ ಬಿಟ್ಟಿದ್ದ. “ಬಿಡಿ, ಗಂಟು ನನಗೆ ಬಿಡಿ,” ಎಂದು ಮಾವ ಮುಂದೆ ಬಂದರು. ದಿಮ್ಮಿ ಹೊರಳದಂತೆ ತಟ್ಟೆಯ ಹತ್ತಿರ ಎಡಗೈ ಕೊಟ್ಟು, ಬೆಣೆಯನ್ನು ಒಂದಿಷ್ಟು ಹಿಂದಕ್ಕೆ ಕರೆದುಕೊಳ್ಳಲು ಬಲಗೈಯಿಂದ ಹಿಡಿಯನ್ನು ಆಚೆ ತಳ್ಳಿದರು. ಅರ್ಧ ಆಯುಷ್ಯ ತಳ್ಳಿದ ಹಾಗೆಯೇ ತಳ್ಳಿದರು. ಬೆಣೆ ಮುಂದೆ ಬಂತು. ದಿಮ್ಮಿ ಹೊರಳಿ, ಎಡಗೈಯ ಬೆರಳು ಅದಕ್ಕೂ ತಟ್ಟೆಗೂ ನಡುವೆ ಸಿಕ್ಕಿತು. ಹೆದರಿದ ಕೈ ಇನ್ನೂ ಜೋರಾಗಿ ಆಚೆಗೇ ತಳ್ಳಿತು. ಹಳೆಯ ಎಂಜಿನ್ ಆಗಿದ್ದರೆ ಅಷ್ಟರಲ್ಲಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅವನು ಹಾರಿ ಹೋಗಿ ಎಂಜಿನ್ ಆರಿಸುವ ಹೊತ್ತಿಗೆ ಮಾವ ಕೂಗುವುದನ್ನೂ ಮರೆತು ತಮ್ಮ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಬೆರಳಿನ ಮೂಳೆ ಉಳಿದಿದೆ, ಉಗುರು ಹೋಗಿದೆ ಅಂದರು. ಹೆಂಡತಿ ಔಷಧಿ ತರಲು ಕಿಟಕಿಯ ಹತ್ತಿರ ಹೋಗಿದ್ದಳು. ಹಸಿರು ಬಣ್ಣದ ಬೆಂಚಿನ ಮೇಲೆ ಅವರಿಬ್ಬರೇ. ಮಾವ ಎದುರಿನ ಗೋಡೆ ನೋಡುತ್ತ, “ಹಿಡಿ ಯಾವ ಕಡೆ ತಳ್ಳಿದರೆ ಬೆಣೆ ಮುಂದೆ ಹೋಗೋದು?” ಎಂದು ಕೇಳಿದರು. “ಆಚೆ ಕಡೆ,” ಅಂದ. ಅದು ಸುಳ್ಳಲ್ಲ. ಮಾವ ತಲೆಯಾಡಿಸಿದರು. ಆಮೇಲೆ ತೀರ ಸಣ್ಣ ದನಿಯಲ್ಲಿ, ಹೊರಗೆ ಹೋಗಲು ಅಪ್ಪಣೆ ಕೇಳುವ ಮಕ್ಕಳ ಹಾಗೆ, “ಮೊದಲಿಂದಲೂ ಹಾಗೇನಾ?” ಅಂದರು. ಅವನು ಅವರ ಮುಖ ನೋಡಲಿಲ್ಲ. ಪಟ್ಟಿಯ ಮೇಲೆ ಹರಡುತ್ತಿದ್ದ ಕೆಂಪು ಕಲೆಯನ್ನು ನೋಡುತ್ತ, “ಹೂಂ,” ಅಂದ. ಬಾಯಿ ತೆರೆಯದೆಯೇ ಹೊರಬೀಳುವ ಶಬ್ದ. ಇಲ್ಲ ಅನ್ನುವುದಕ್ಕೆ ಬಾಯಿ ತೆರೆಯಬೇಕಿತ್ತು, ತೆರೆದರೆ ಉಳಿದದ್ದೂ ಬರುತ್ತಿತ್ತು. ಔಷಧಿ ಹಿಡಿದುಕೊಂಡು ಬಂದ ಮಗಳಿಗೆ ಮಾವ ಹೇಳಿದ್ದು, “ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು ಕಣಮ್ಮ.”

ಮಾವನ ಅಣ್ಣನನ್ನು ಅವನು ನೋಡಿದ್ದು ಒಂದೇ ಸಲ. ಕೊನೆಗಾಲದಲ್ಲಿ ಆ ಮನುಷ್ಯ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ, ಹೆಂಡತಿಯನ್ನೇ ನೀವು ಯಾರ ಪೈಕಿ ಎಂದು ಕೇಳುತ್ತಿದ್ದರಂತೆ. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಈಗ ಊಟಕ್ಕೆ ಕೂತಾಗಲೆಲ್ಲ ಅದು ಬಂದು ಜೊತೆಗೆ ಕೂರುತ್ತಿತ್ತು. ಮಾವ ಉಪ್ಪು ಕೇಳುವ ಮೊದಲು ಹಾಕಿಕೊಂಡೆನೋ ಎಂದು ಯೋಚಿಸುತ್ತಿದ್ದರು. ಡಿಪೋದ ಬೀಗವನ್ನು ಎಳೆದು ನೋಡಿ, ಮನೆಗೆ ಬಂದು, ಮತ್ತೆ ಹೋಗಿ ಎಳೆದು ನೋಡುತ್ತಿದ್ದರು. ದಿಮ್ಮಿಗಳ ಮುಂದೆ ನಿಂತು ತೊಗಟೆ ಮುಟ್ಟಿ ಇದು ಇಂಥ ಮರ, ಇದು ಇಂಥ ಮರ ಎಂದು ತಮಗೆ ತಾವೇ ಪಾಠ ಒಪ್ಪಿಸುವುದನ್ನು ಅವನು ಚಪ್ಪರದ ಮರೆಯಿಂದ ಕೇಳಿಸಿಕೊಂಡಿದ್ದ. ಒಂದೂ ತಪ್ಪಿರಲಿಲ್ಲ. ತಪ್ಪಿಲ್ಲ ಎಂದು ಓಡಿಹೋಗಿ ಹೇಳಬೇಕೆನ್ನಿಸಿತು, ಹೋಗಲಿಲ್ಲ. ಹೆಂಡತಿ ರಾತ್ರಿ ಮಗ್ಗುಲು ಬದಲಿಸಿ, “ಅಪ್ಪನ ತಲೆ ನಿಜವಾಗಲೂ ಕೆಡ್ತಾ ಇದೆಯೇನ್ರೀ?” ಎಂದು ಕೇಳಿದಾಗಲೂ, “ಛೆ, ವಯಸ್ಸು, ಅಷ್ಟೇ,” ಅಂದಿದ್ದ. ಹೇಳುವುದು ದಿನದಿಂದ ದಿನಕ್ಕೆ ಭಾರವಾಗುತ್ತ ಹೋಯಿತು. ಮೊದಲ ದಿನ ಹೇಳಿದ್ದರೆ ಪೈಪಿನ ವಿಷಯ. ಈಗ ಹೇಳಿದರೆ ಆ ಹೂಂ ಎಂಬುದರ ವಿಷಯ.

ಕೊನೆಗೆ ಅವನಿಗೊಂದು ದಾರಿ ಹೊಳೆದಿತ್ತು. ಹೊಳೆದಾಗ ಎದೆ ಎಷ್ಟು ಹಗುರಾಯಿತೆಂದರೆ ಅದು ಹೇಡಿಯ ದಾರಿ ಎಂಬುದು ಕೂಡ ಕಾಣಲಿಲ್ಲ. ನಿನ್ನೆ ಅಪ್ಪ ಮಗಳು ಪಟ್ಟಿ ಬದಲಾಯಿಸಲು ಆಸ್ಪತ್ರೆಗೆ ಹೋದಾಗ ಅವನು ಸ್ಪ್ಯಾನರ್ ತೆಗೆದುಕೊಂಡು ವಾಲ್ವಿನ ಎರಡೂ ಪೈಪುಗಳನ್ನು ಬಿಚ್ಚಿ ಅದಲುಬದಲು ಮಾಡಿದ. ಚೆಲ್ಲಿದ ಎಣ್ಣೆಯ ಮೇಲೆ ಮರದ ಹೊಟ್ಟು ಹಾಕಿ ಗುಡಿಸಿದ. ಇನ್ನು ಮಿಷನ್ ಮೊದಲಿನ ಹಾಗೇ. ಮಾವ ನಾಳೆ ಬಂದು ನಿಲ್ಲುತ್ತಾರೆ, ಅವರ ಕೈ ತನ್ನ ಪಾಡಿಗೆ ತಾನು ಹಳೆಯ ದಾರಿಯಲ್ಲಿ ಹೋಗುತ್ತದೆ, ಬೆಣೆ ಹೇಳಿದ ಹಾಗೆ ಕೇಳುತ್ತದೆ, ಅಂದು ಏನೋ ಎಡವಟ್ಟಾಯಿತು, ಕೈ ಮರೆತಿಲ್ಲ ಎಂದು ಅವರಿಗೇ ಧೈರ್ಯ ಬರುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ. ಅವನು ಆ ಸಂಜೆ ಹೆಂಡತಿ ಕೇಳದೆಯೇ ಪಾತ್ರೆ ತೊಳೆದುಕೊಟ್ಟಿದ್ದ.

ಈಗ ಲಾರಿ ಗೇಟಿನೊಳಗೆ ಬಂದಿತ್ತು. ಲಾರಿಯವನು ಇಳಿದು, “ಬಂದ್ರಾ ಯಜಮಾನರೇ, ನೀವಿಲ್ಲದೆ ಇಲ್ಲಿ ಬೈಸ್ಕೊಳ್ಳೋಕೂ ಜನ ಇರಲಿಲ್ಲ,” ಎಂದ. ಎಂಜಿನ್ ಗುಡುಗತೊಡಗಿತು. ಹೆಂಡತಿಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೇಟಿನ ಹತ್ತಿರ ಬಂದು ನಿಂತಳು. ನೋಡುವುದಕ್ಕೆ ಬಂದದ್ದಲ್ಲ, ಏನೋ ಕೆಲಸವಿದೆ ಎನ್ನುವ ಹಾಗೆ. ಅವನು ಗಂಟಿಲ್ಲದ ನೇರ ದಿಮ್ಮಿಯೊಂದನ್ನು ಆರಿಸಿ ತೊಲೆಯ ಮೇಲೆ ಮಲಗಿಸಿದ. “ನೀವು ದಿಮ್ಮಿ ಮುಟ್ಟಬೇಡಿ ಮಾವ, ಹಿಡಿ ಮಾತ್ರ ಹಿಡ್ಕೊಳ್ಳಿ,” ಅಂದ. ಮಾವ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಬಲಗೈ ಹಿಡಿಯ ಮೇಲೆ ಬಂದು ಕೂತಿತು. ಎಳೀರಿ, ಎಂದು ಅವನು ಒಳಗೊಳಗೇ ಬೇಡಿಕೊಂಡ. ಮಾವನ ತುಟಿ ಅಲುಗುತ್ತಿತ್ತು. ಅವರು ಏನನ್ನೋ ಹೇಳಿಕೊಳ್ಳುತ್ತಿದ್ದರು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆಮೇಲೆ ಅವರು ದೃಢವಾಗಿ, ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ, ಹಿಡಿಯನ್ನು ಆಚೆಗೆ ತಳ್ಳಿದರು.

ಬೆಣೆ ಕದಲಲಿಲ್ಲ. ಮೊದಲೇ ಹಿಂದಿನ ಕೊನೆಯಲ್ಲಿದ್ದದ್ದು ಇನ್ನೂ ಹಿಂದಕ್ಕೆ ಹೋಗಲು ನೋಡುತ್ತ ಅಲ್ಲೇ ನಿಂತಿತು. ದಾರಿ ಸಿಗದ ಎಣ್ಣೆ ವಾಲ್ವಿನೊಳಗೆ ಕೀರಲು ದನಿಯಲ್ಲಿ ಕಿರುಚತೊಡಗಿತು. ಮಾವ ಹಿಡಿ ಬಿಡಲಿಲ್ಲ. ಇನ್ನೊಂದಿಷ್ಟು ತಳ್ಳಿದರು. ಲೋಡು ಹೊರುವವನೊಬ್ಬ ಮುಖ ಆಚೆ ತಿರುಗಿಸಿಕೊಂಡ. ಹೊಸದೊಂದು ಪಾಠವನ್ನು ಮಾವ ಕಲಿಯಬಲ್ಲರು, ಹೆದರಿದವನು ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಾನೆ ಎಂದು ಅವನಿಗೆ ನಿನ್ನೆ ಹೊಳೆದಿರಲೇ ಇಲ್ಲ. ಇಷ್ಟು ದಿನ ಮಧ್ಯಾಹ್ನದ ಹೊತ್ತು ಎಂಜಿನ್ ಆರಿಸಿದ ಮಿಷನ್ನಿನ ಪಕ್ಕ ಮಾವ ಸುಮ್ಮನೆ ಕೂತಿರುತ್ತಾರೆ ಎಂದು ಅವನು ತಿಳಿದಿದ್ದ. ಮಾವ ಹಿಡಿಯನ್ನು ಮೆಲ್ಲಗೆ ಈಚೆ ಎಳೆದರು. ಬೆಣೆ ಸರ್ರನೆ ಹೋಗಿ ದಿಮ್ಮಿಯನ್ನು ಸೀಳಿತು. ಎರಡು ಹೋಳು ತೊಲೆಯ ಎರಡು ಪಕ್ಕಕ್ಕೆ ಬಿದ್ದವು, ಒಳಗಿನ ತಿರುಳು ಒದ್ದೆಯಾಗಿ ಹೊಳೆಯುತ್ತಿತ್ತು. ಮಾವ ಬಗ್ಗಿ ಎಂಜಿನ್ ಆರಿಸಿದರು.

“ಮೊನ್ನೆ ಆ ಕಡೆ, ಇವತ್ತು ಈ ಕಡೆ,” ಅಂದರು. “ದಿನಾ ಕೂತು ಕೈಗೆ ಹೇಳಿಕೊಟ್ಟೆ. ಆಚೆ ತಳ್ಳಿದರೆ ಮುಂದೆ, ಆಚೆ ತಳ್ಳಿದರೆ ಮುಂದೆ ಅಂತ. ಕಲಿತದ್ದೂ ನಿಲ್ತಾ ಇಲ್ಲ.” ಅವರು ಸಿಟ್ಟಾಗಿರಲಿಲ್ಲ. ಸೊಂಟದಿಂದ ಡಿಪೋದ ಬೀಗದ ಕೈಗೊಂಚಲು ಬಿಚ್ಚಿ, ಒಂದೇ ಕೈಯಲ್ಲಿ ಬಿಚ್ಚಲು ತುಸು ಹೊತ್ತು ಹಿಡಿಯಿತು, ಅಳಿಯನ ಅಂಗೈಯಲ್ಲಿ ಇಟ್ಟರು. “ಇನ್ಮೇಲೆ ನೀನೇ ನೋಡ್ಕೋಪ್ಪ.” ಈ ಮನೆಗೆ ಬಂದಾಗಿನಿಂದ ಅವನು ಬಯಸಿದ್ದು ಅದೇ ಆಗಿತ್ತು. ಕೀಲಿಗಳು ಮಾವನ ಮೈಯ ಶಾಖಕ್ಕೆ ಬೆಚ್ಚಗಿದ್ದವು.

“ಮಾವ, ನಿಮ್ಮ ತಪ್ಪಿಲ್ಲ,” ಅಂದ. ದನಿ ತನ್ನದಲ್ಲ ಅನ್ನಿಸಿತು. “ಮೊದಲು ಅದು ಈಚೆ ಎಳೆದರೇ ಹೋಗ್ತಿತ್ತು. ಹೊಸ ವಾಲ್ವ್ ಹಾಕುವಾಗ ನಾನೇ ಬದಲಾಯಿಸಿದೆ. ನಿಮಗೆ ಹೇಳಲಿಲ್ಲ. ಬೇಕೂಂತಲೇ ಹೇಳಲಿಲ್ಲ. ಆಮೇಲೆ ನಿನ್ನೆ ಮತ್ತೆ ಮೊದಲಿನ ಹಾಗೆ ಮಾಡಿಟ್ಟೆ. ನಿಮ್ಮ ಕೈ ಮೊನ್ನೆಯೂ ಸರಿ, ಇವತ್ತೂ ಸರಿ.” ಹೇಳುತ್ತಿದ್ದ ಹಾಗೆಯೇ ಅದು ಅವನ ಕಿವಿಗೇ ಮಕ್ಕಳನ್ನು ಸಮಾಧಾನ ಮಾಡಲು ಕಟ್ಟಿದ ಕತೆಯಂತೆ ಕೇಳಿಸಿತು. ಲಾರಿಯವನು, “ಹೌದೌದು ಯಜಮಾನರೇ, ಮಿಷನ್ನೇ ಸರಿಯಿಲ್ಲ,” ಎಂದು ಅವಸರವಾಗಿ ದನಿಗೂಡಿಸಿದ. ಅಲ್ಲಿಗೆ ಎಲ್ಲ ಕೆಟ್ಟಿತು. ಮಾವ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ನಕ್ಕರು.

“ನಾನು ಅವತ್ತು ಆಸ್ಪತ್ರೆಯಲ್ಲಿ ಕೇಳಿದಾಗ ನೀನು ಮೊದಲಿಂದಲೂ ಹಾಗೇ ಅಂದೆಯಲ್ಲ.”

“ಸುಳ್ಳು ಹೇಳಿದೆ ಮಾವ.”

“ಇಲ್ಲಪ್ಪ. ಸುಳ್ಳು ಈಗ ಹೇಳ್ತಾ ಇದೀಯ. ನನ್ನ ಬೆರಳು ಜಜ್ಜಿಹೋಗಿ ರಕ್ತ ಸುರೀತಿದ್ದಾಗ, ನನ್ನ ತಲೆ ಸರಿ ಇದೆಯಾ ಅಂತ ಕೇಳಿದರೆ, ಸುಳ್ಳು ಹೇಳೋಂಥವನು ನೀನಲ್ಲ. ನನಗೆ ಗೊತ್ತಿಲ್ವಾ ನೀನು?”

“ತಡೀರಿ, ಬಿಚ್ಚಿ ತೋರಿಸ್ತೀನಿ,” ಎಂದು ಅವನು ಚಪ್ಪರದ ಮೂಲೆಯಲ್ಲಿ ಸ್ಪ್ಯಾನರಿಗಾಗಿ ತಡಕಾಡಿದ. ಬಿಚ್ಚಿ ತೋರಿಸಿದರೂ ಏನು ತೋರಿಸಿದ ಹಾಗಾಗುತ್ತದೆ ಎಂಬುದು ಕೈಗೆ ಸ್ಪ್ಯಾನರ್ ಸಿಕ್ಕಿದ ಮೇಲೆ ಹೊಳೆಯಿತು. ಪೈಪು ಹಾಗೂ ಹಾಕಬಹುದು, ಹೀಗೂ ಹಾಕಬಹುದು, ಅಷ್ಟೇ. ಮಾವ ಹತ್ತಿರ ಬಂದು ಅವನ ಮೊಣಕೈ ಹಿಡಿದು ನಿಲ್ಲಿಸಿದರು. “ಬೇಡ, ಎಣ್ಣೆ ಚೆಲ್ಲುತ್ತೆ. ಬೇಕರಿಯವರು ಕಾಯ್ತಿರ್ತಾರೆ, ಇವನ ಲೋಡು ಕಳಿಸು.” ಗೇಟಿನ ಕಡೆ ನಡೆದರು. ಮಗಳ ಎದುರು ನಿಂತು, ಅವನಿಗೆ ಕೇಳಲಿ ಎಂದೇ ಇರಬೇಕು, ಸ್ವಲ್ಪ ದನಿಯೆತ್ತಿ, “ಒಳ್ಳೆಯವನು ಕಣಮ್ಮ. ಹತ್ತು ಜನರ ಮುಂದೆ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಂಡ. ಹೊಟ್ಟೆಯಲ್ಲಿ ಹುಟ್ಟಿದವನೂ ಮಾಡ್ತಿರಲಿಲ್ಲ,” ಎಂದರು. ಆಮೇಲೆ ತುಸು ತಗ್ಗಿದ ದನಿಯಲ್ಲಿ, “ಇನ್ಮೇಲೆ ಗ್ಯಾಸ್ ಒಲೆ ಹತ್ರ ನನ್ನ ಬಿಡಬೇಡ,” ಎಂದು ಸೇರಿಸಿ ಮನೆಯ ಕಡೆ ಹೋದರು.

ಅವಳು ಅಪ್ಪನ ಹಿಂದೆ ಹೋಗಲಿಲ್ಲ. ಇಷ್ಟು ಹೊತ್ತೂ ಅವಳು ಅಪ್ಪನನ್ನು ನೋಡುತ್ತಿದ್ದಳೆಂದು ಅವನು ಅಂದುಕೊಂಡಿದ್ದ. ಈಗ ಮುಖವೆತ್ತಿದಾಗ ತಿಳಿಯಿತು, ಅವಳು ನೋಡುತ್ತಿದ್ದುದು ತನ್ನನ್ನು. ಆ ಕಣ್ಣುಗಳಲ್ಲಿ ಅನುಮಾನ ಇರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬಿಡದೆ ನಂಬಿದವಳು ಅಲ್ಲಿ ಅವಳೊಬ್ಬಳೇ. ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟು ನೋಡುತ್ತಿರುವ ಹಾಗೆ ಅವಳ ಹುಬ್ಬು ಕೊಂಚ ಗಂಟಿಕ್ಕಿತ್ತು. ಲಾರಿಯವನು ಏನನ್ನೂ ಕೇಳಿಸಿಕೊಳ್ಳದವನಂತೆ ಲಾರಿಯ ಹಿಂಬಾಗಿಲಿನ ಸರಪಳಿ ಬಿಚ್ಚುತ್ತಿದ್ದ.

“ನಾನು ಅವತ್ತು ರಾತ್ರಿ ಕೇಳಿದಾಗಲೂ ನಿಮಗೆ ಗೊತ್ತಿತ್ತು,” ಎಂದಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮನೆಯ ಮೆಟ್ಟಿಲ ಹತ್ತಿರ ನಿಂತು ಯಾವ ಕಾಲು ಮೊದಲಿಡುವುದೆಂದು ನೋಡುತ್ತಿದ್ದ ಅಪ್ಪನ ಬಳಿಗೆ ಹೋಗಿ, ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.